ಬಾಗಿಲಿನ ಒಳಮೈ

ಡಾಕ್‌ಲ್ಯಾಂಡ್ಸ್, ಮೆಲ್ಬರ್ನ್
14 ಏಪ್ರಿಲ್ 2025

ವಿಜಯಾ ಆಂಟಿಗೆ ನಮಸ್ಕಾರ.

ನಾನು ಮಹಾಶ್ವೇತಾ. ಹೋದ ಸಲದ ಹಿಂದಿನ ದೀಪಾವಳಿಗೆ ತೇಜಸ್ ನನ್ನನ್ನು ಸಿಡ್ನಿಯ ಎಪ್ಪಿಂಗಿನ ನಿಮ್ಮ ಮನೆಗೆ ಕರೆದುಕೊಂಡು ಬಂದಿದ್ದ. ನಮ್ಮ ವರ್ಕ್‌ಶಾಪಿನ ಬಾಸ್, ಧಾರವಾಡದವಳು ಎಂದು ಅವನು ಪರಿಚಯಿಸಿದ್ದೇ ತಡ, ನೀವು ನನ್ನನ್ನು ಅಡುಗೆಮನೆಗೆ ಕರೆದು ಯಾವ ಓಣಿ, ಯಾರ ಮಗಳು ಎಂದೆಲ್ಲ ವಿಚಾರಿಸಿದಿರಿ. ಕಳೆದ ತಿಂಗಳು ಅವನನ್ನು ಮಣ್ಣು ಮಾಡಿದ ದಿನವೂ ಬಂದಿದ್ದೆ. ಎಲ್ಲರ ಹಿಂದೆ ನಿಂತಿದ್ದೆ. ನಿಮ್ಮ ಹತ್ತಿರ ಬರುವ ಧೈರ್ಯವಾಗಲಿಲ್ಲ.

ಈ ಕಾಲದಲ್ಲಿ ಕಾಗದ ಯಾಕೆ ಬರೆಯುತ್ತಿದ್ದಾಳೆ ಅನ್ನಿಸಬಹುದು. ತನಿಖೆ ಮುಗಿಯುವವರೆಗೆ ನಿಮ್ಮ ಮನೆಗೆ ಫೋನ್ ಮಾಡಬಾರದು, ಈಮೇಲ್ ಕಳಿಸಬಾರದು ಎಂದು ಕಂಪನಿಯ ವಕೀಲರು ನಮಗೆಲ್ಲ ತಾಕೀತು ಮಾಡಿದ್ದಾರೆ. ಅಂಚೆಯ ನೆನಪು ಅವರಿಗೆ ಬರಲಿಲ್ಲ.

ಸ್ಮಶಾನದಲ್ಲಿ ನೀವು ನಮ್ಮ ಮ್ಯಾನೇಜರನ್ನು ‘ಹೇಗಾಯಿತು?’ ಎಂದು ಕೇಳಿದಿರಿ. ಅವರು ತುಂಬ ಹೊತ್ತು ಮಾತಾಡಿದರು, ಆದರೆ ಉತ್ತರ ಹೇಳಲಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ನಾವು ಮಾಡುತ್ತಿದ್ದದ್ದು ಸುತ್ತಲಿನ ಗಾಳಿಯಿಂದ ಕಾರ್ಬನ್ ಡೈಆಕ್ಸೈಡನ್ನು ಹಿಡಿಯುವ ಯಂತ್ರ. ಹಡಗಿಗೆ ಹೇರುವ ಕಂಟೇನರಿನಷ್ಟು ದೊಡ್ಡ ಪೆಟ್ಟಿಗೆ. ದೊಡ್ಡ ಫ್ಯಾನುಗಳು ಹೊರಗಿನ ಗಾಳಿಯನ್ನು ಎಳೆದು, ಒಳಗೆ ತಟ್ಟೆ ತಟ್ಟೆಯಾಗಿ ಜೋಡಿಸಿದ ಬಿಳಿ ಹರಳುಗಳ ಮೇಲೆ ಹಾಯಿಸುತ್ತವೆ. ಹರಳುಗಳು ಆ ಒಂದು ಅನಿಲವನ್ನು ಮಾತ್ರ ಹಿಡಿದುಕೊಳ್ಳುತ್ತವೆ. ಹತ್ತು ಸಾವಿರ ಪಾಲು ಗಾಳಿಯಲ್ಲಿ ಅದು ಇರುವುದು ನಾಲ್ಕು ಪಾಲು, ಹಾಗಾಗಿ ಅಪಾರ ಗಾಳಿಯನ್ನು ಜಾಲಾಡಬೇಕು. ಹರಳು ತುಂಬಿದ ಮೇಲೆ ಬಾಗಿಲು ಮುಚ್ಚಿ, ಒಳಗಿನ ಗಾಳಿ ಹೀರಿ, ಬಿಸಿ ಮಾಡಿದರೆ ಹಿಡಿದದ್ದನ್ನೆಲ್ಲ ಬಿಟ್ಟುಕೊಡುತ್ತವೆ. ಅದನ್ನು ಟ್ಯಾಂಕಿಗೆ ತುಂಬುತ್ತೇವೆ. ಅದಕ್ಕೆ ಬಣ್ಣವಿಲ್ಲ, ಗಾಳಿಗಿಂತ ಭಾರ, ಮೂಗಿಗೆ ಗೊತ್ತಾಗುವುದಿಲ್ಲ.

ಅವತ್ತು ಒಂದು ತಟ್ಟೆ ಸಿಕ್ಕಿಕೊಂಡಿತು. ಬಿಡಿಸಲು ತೇಜಸ್ ಒಳಗೆ ಹೋದ. ಒಳಗೆ ಅನಿಲ ಉಳಿದಿತ್ತು. ಅಷ್ಟು ದಟ್ಟವಾಗಿದ್ದರೆ ಒಂದೆರಡು ಉಸಿರಿನಲ್ಲೇ ಎಚ್ಚರ ತಪ್ಪುತ್ತದೆ. ಅವನು ನಿಂತಲ್ಲೇ ಕುಸಿದ. ಅವನಿಗೆ ಏನೂ ಗೊತ್ತಾಗಲಿಲ್ಲ ಆಂಟಿ. ನೋವೂ ಆಗಲಿಲ್ಲ.

ಅವನ ಜಾಕೆಟ್, ಬೂಟು, ಮೇಜಿನ ಮೇಲಿದ್ದ ಸಣ್ಣಪುಟ್ಟ ಸಾಮಾನು ಬೇರೆ ಪಾರ್ಸೆಲ್‌ನಲ್ಲಿ ಕಳಿಸಿದ್ದೇನೆ. ನನ್ನ ಜೊತೆ ಅವನು ಕನ್ನಡದಲ್ಲೇ ಮಾತಾಡುತ್ತಿದ್ದ. ಈಗ ವರ್ಕ್‌ಶಾಪಿನಲ್ಲಿ ಕನ್ನಡ ಕೇಳಿಸುವುದಿಲ್ಲ.

ಇತಿ,
ಮಹಾಶ್ವೇತಾ


ಎಪ್ಪಿಂಗ್, ಸಿಡ್ನಿ
2 ಮೇ 2025

ಮಹಾಶ್ವೇತಾ ಅವರಿಗೆ,

ಪಾರ್ಸೆಲ್ ತಲುಪಿತು. ಬೂಟು ಅವನದಲ್ಲ, ಅಳತೆ ದೊಡ್ಡದು. ವಾಪಸು ಕಳಿಸುತ್ತಿದ್ದೇನೆ.

ನಿಮ್ಮ ಕಾಗದ ಓದಿದೆ. ನಾನು ಫಾರ್ಮಸಿಯಲ್ಲಿ ಕೆಲಸ ಮಾಡುವವಳು. ಕೆಟ್ಟ ಸುದ್ದಿಯನ್ನು ಮೆತ್ತಗೆ ಮಾಡಿ ಹೇಳುವುದು ಹೇಗೆಂದು ನನಗೂ ಗೊತ್ತು, ದಿನಾ ಅದನ್ನೇ ಮಾಡುತ್ತೇನೆ.

ತೇಜಸ್‌ಗೆ ಕೊನೆಯ ಸ್ನಾನ ಮಾಡಿಸಿದವರು ನಾನು ಮತ್ತು ಅವನ ಅಪ್ಪ. ನಮ್ಮಲ್ಲಿ ಕೂರಿಸಿ ಮಣ್ಣು ಮಾಡುತ್ತಾರೆ. ಇಲ್ಲಿ ಅದು ಆಗುವುದಿಲ್ಲ ಎಂದರು, ಮಲಗಿಸಿದೆವು. ಸ್ನಾನವನ್ನಾದರೂ ನಾವೇ ಮಾಡಿಸುತ್ತೇವೆ ಎಂದು ಹಟ ಹಿಡಿದೆ. ಅವನ ಬಲಗೈ ತೊಳೆದವಳು ನಾನು. ಗೆಣ್ಣುಗಳು ಜಜ್ಜಿದ್ದವು. ಎರಡು ಉಗುರು ಕಿತ್ತಿದ್ದವು. ಉಳಿದ ಉಗುರುಗಳ ಸಂದಿಯಲ್ಲಿ ಕಪ್ಪು ರಬ್ಬರ್ ಇತ್ತು. ಹತ್ತಿ ಸುತ್ತಿದ ಕಡ್ಡಿಯಿಂದ ತೆಗೆದೆ, ಪೂರ್ತಿ ಹೋಗಲಿಲ್ಲ.

ನಿಂತಲ್ಲೇ ಕುಸಿದವನ ಉಗುರಿನಲ್ಲಿ ರಬ್ಬರ್ ಎಲ್ಲಿಂದ ಬರುತ್ತದೆ?

ಅವನ ಅಪ್ಪ ಕಲ್ಲಯ್ಯ ಬ್ಯಾಂಕಿನಲ್ಲಿದ್ದಾರೆ. ಕೆಲಸಕ್ಕೆ ಹೋಗುತ್ತಿದ್ದಾರೆ. ಮನೆಗೆ ಬಂದರೆ ಒಂದು ಬಾಗಿಲನ್ನೂ ಮುಚ್ಚಗೊಡುವುದಿಲ್ಲ. ಬಾಲ್ಕನಿಯದು, ಮಲಗುವ ಕೋಣೆಯದು, ಯಾವುದೂ ಇಲ್ಲ. ಮುಂಬಾಗಿಲಿಗೂ ಖುರ್ಚಿ ಕೊಟ್ಟು ಇಡುತ್ತಾರೆ. ಪಕ್ಕದ ಫ್ಲಾಟಿನವರು ಬಿಲ್ಡಿಂಗಿನವರಿಗೆ ದೂರು ಕೊಟ್ಟಿದ್ದಾರೆ. ಇಲ್ಲಿ ಚಳಿ ಶುರುವಾಗಿದೆ, ಮನೆಯೊಳಗೇ ಕೋಟು ಹಾಕಿಕೊಂಡು ಕೂರುತ್ತೇವೆ. ಅವರೂ ಆ ಕೈ ನೋಡಿದ್ದಾರೆ. ನಾವಿಬ್ಬರೂ ಅದರ ಮಾತೆತ್ತಿಲ್ಲ.

ಇನ್ನೊಂದು. ಅವನು ಕನ್ನಡ ಮಾತಾಡುತ್ತಿದ್ದ ಎಂದು ಬರೆದಿದ್ದೀರಿ. ಎಂಟು ವರ್ಷದವನಿದ್ದಾಗ ಈ ದೇಶಕ್ಕೆ ಬಂದೆವು. ಆಮೇಲೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವನು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ. ಯಾವ ಕನ್ನಡ ಮಾತಾಡುತ್ತಿದ್ದ?

ಇನ್ನೊಮ್ಮೆ ಬರೆಯಿರಿ. ಆದದ್ದನ್ನು ಬರೆಯಿರಿ.

ವಿಜಯಾ ಕಲ್ಲಯ್ಯ ಹಿರೇಮಠ


ಡಾಕ್‌ಲ್ಯಾಂಡ್ಸ್
8 ಜೂನ್ 2025

ಆಂಟಿ,

ಬರೆದು ಬರೆದು ಹರಿದು ಹಾಕಿದೆ. ಇದನ್ನು ಹರಿಯುವುದಿಲ್ಲ.

ಮರುದಿನ ಹಣ ಹೂಡುವವರು ಯಂತ್ರ ನೋಡಲು ಬರುವವರಿದ್ದರು. ಬಿಸಿ ಮಾಡುವ ಹಂತದ ನಡುವೆ ಯಂತ್ರ ನಿಂತಿತು. ಬಾಗಿಲು ತೆರೆದು ಆರಲು ಬಿಟ್ಟೆವು. ನೆಲದ ಹತ್ತಿರದ ತಟ್ಟೆಯೊಂದು ಡೊಂಕಾಗಿ ಸಿಕ್ಕಿಕೊಂಡಿತ್ತು. ಹರಳು ಇನ್ನೂ ಬೆಚ್ಚಗಿದ್ದವು, ಒಳಗೊಳಗೇ ಅನಿಲ ಬಿಡುತ್ತಿದ್ದವು. ಅದು ನೆಲದಲ್ಲಿ ನೀರಿನ ಹಾಗೆ ತುಂಬಿಕೊಳ್ಳುತ್ತದೆ. ಒಳಗೆ ಹೋಗುವವರು ಎದೆಗೆ ಸಿಕ್ಕಿಸಿಕೊಳ್ಳುವ ಗ್ಯಾಸ್ ಮೀಟರ್ ಇದೆ. ತೇಜಸ್‌ನದು ಚಾರ್ಜಿಗೆ ಇಟ್ಟಿತ್ತು. ‘ಟೂ ಮಿನಿಟ್ಸ್ ಅಷ್ಟೇ, ಬಂದೆ’ ಎಂದು ಹೋದ.

ಬಾಗಿಲಿನ ಬಗ್ಗೆ ಹೇಳಬೇಕು. ಅದು ನಾನು ಡಿಸೈನ್ ಮಾಡಿದ ಬಾಗಿಲು. ಹೊರಗಿನ ಗಾಳಿ ಒಂದಿಷ್ಟು ನುಸುಳಿದರೂ ಹಿಡಿದ ಅನಿಲ ಕಲಬೆರಕೆಯಾಗುತ್ತದೆ. ಅದಕ್ಕೆ ಸುತ್ತ ದಪ್ಪ ರಬ್ಬರ್ ಕೊಟ್ಟು, ತನ್ನ ಭಾರಕ್ಕೆ ತಾನೇ ಬಂದು ಬಿಗಿಯಾಗಿ ಕೂರುವಂತೆ ಸ್ವಲ್ಪ ವಾಲಿಸಿ ನೇತುಹಾಕಿದ್ದೆ. ಕೂತರೆ ಹೊರಗಿನ ಲಿವರ್ ಎತ್ತಿಯೇ ತೆಗೆಯಬೇಕು. ಆ ಬಾಗಿಲಿನ ಬಗ್ಗೆ ನನಗೆ ಹೆಮ್ಮೆಯಿತ್ತು. ಅದು ಮುಚ್ಚದಿರಲೆಂದು ನಾವು ಒಂದು ಪ್ಲಾಸ್ಟಿಕ್ ಕ್ರೇಟ್ ಅಡ್ಡ ಇಡುತ್ತಿದ್ದೆವು. ಅವತ್ತು ಕ್ರೇಟ್ ಜಾರಿತು.

ನಾನು ಗಾಜಿನ ಕ್ಯಾಬಿನ್ನಿನಲ್ಲಿ ವೀಡಿಯೊ ಕಾಲ್‌ನಲ್ಲಿದ್ದೆ, ಯಂತ್ರಕ್ಕೆ ಬೆನ್ನು ಹಾಕಿ. ಆಚೆ ಬೇರೆ ಹೊಸ ಫ್ಯಾನುಗಳ ಪರೀಕ್ಷೆ ನಡೆದಿತ್ತು. ಆ ಸದ್ದಿನಲ್ಲಿ ಪಕ್ಕದಲ್ಲಿದ್ದವರ ಮಾತೂ ಕೇಳಿಸುವುದಿಲ್ಲ.

ಕಾಲ್ ಮುಗಿಸಿ, ಊಟಕ್ಕೆ ಏನು ತರಿಸಲಿ ಎಂದು ಕೇಳಲು ಬಂದೆ. ಕ್ರೇಟ್ ಮಗುಚಿ ಬಿದ್ದಿತ್ತು. ಲಿವರ್ ಎತ್ತಿದೆ. ಬಾಗಿಲು ತೆರೆದ ಕೂಡಲೇ ಅವನು ನನ್ನ ಮೇಲೇ ಬಿದ್ದ. ಬಾಗಿಲಿಗೆ ಒರಗಿಕೊಂಡಿದ್ದ ಆಂಟಿ. ತಟ್ಟೆಯ ಹತ್ತಿರ ಇರಲಿಲ್ಲ.

ಎಷ್ಟು ಹೊತ್ತು ಎಚ್ಚರವಿದ್ದನೋ ನನಗೆ ಗೊತ್ತಿಲ್ಲ. ಬಹಳ ಹೊತ್ತು ಇರಲಾರ ಎಂದು ಡಾಕ್ಟರ್ ಹೇಳಿದರು. ಆದರೆ ಅವನಿಗೆ ಗೊತ್ತಾಗಿತ್ತು. ಈ ಅನಿಲ ಏನು ಮಾಡುತ್ತದೆಂದು ನನಗಿಂತ ಚೆನ್ನಾಗಿ ಗೊತ್ತಿದ್ದವನು ಅವನು. ಬಾಗಿಲು ಬಡಿದಿದ್ದಾನೆ. ರಬ್ಬರನ್ನು ಉಗುರಿನಿಂದ ಕೀಳಲು ನೋಡಿದ್ದಾನೆ. ಒಂದು ಕಡೆ ಸ್ವಲ್ಪ ಕಿತ್ತಿತ್ತು ಕೂಡ.

ನೋವಾಗಲಿಲ್ಲ ಎಂದು ಬರೆ ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಿಮ್ಮ ಸಲುವಾಗಿ ಬರೆದೆ ಅಂದುಕೊಂಡಿದ್ದೆ. ನನ್ನ ಸಲುವಾಗಿ ಬರೆದದ್ದು.

ಅವನ ಕನ್ನಡ ಕೇಳಿದಿರಿ. ಹೆಚ್ಚಾಗಿ ಬೈಗುಳ. ಯಂತ್ರ ಕೆಟ್ಟಾಗಲೆಲ್ಲ ಅದರ ಎದುರು ಸೊಂಟದ ಮೇಲೆ ಕೈ ಇಟ್ಟು, ‘ಏ ಮಂಗ್ಯಾ, ಹೊಟ್ಟಿ ತುಂಬಲಿಲ್ಲೇನು? ಇನ್ನೂ ಏನ್ ಹಾಕ್ಲಿ ನಿನಗ?’ ಎಂದು ಶುರು ಮಾಡುತ್ತಿದ್ದ. ಇದು ಯಾರ ಭಾಷೆಯೋ ಎಂದು ಕೇಳಿದರೆ ‘ಅಮ್ಮಂದು, ಫುಲ್ ಕಾಪಿ’ ಎಂದು ನಗುತ್ತಿದ್ದ. ಅದೇ ದನಿ, ಅದೇ ಎಳೆತ. ನಿಮ್ಮ ಮನೆಗೆ ಬಂದ ದಿನ ನೀವು ಮಿಕ್ಸರ್ ಜೊತೆ ಜಗಳವಾಡಿದ್ದು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಇನ್ನು ಬರೆಯಲಾರೆ.

ಮಹಾಶ್ವೇತಾ


ಎಪ್ಪಿಂಗ್
3 ಆಗಸ್ಟ್ 2025

ಮಹಾಶ್ವೇತಾ,

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಬಿಲ್ಡಿಂಗಿನ ಲಾಂಡ್ರಿಯಲ್ಲಿ ನಿಂತು ಓದಿದೆ. ಓದಿ, ಒಗೆದ ಬಟ್ಟೆಯನ್ನು ಮತ್ತೆ ಮೆಷೀನಿಗೆ ಹಾಕಿದೆ. ಅದರ ಸದ್ದು ಬೇಕಾಗಿತ್ತು. ತೇಜಸ್‌ನ ಅಪ್ಪನಿಗೆ ತೋರಿಸಲಿಲ್ಲ. ಆದರೂ ಅವರ ಕೈಗೆ ಸಿಕ್ಕಿತು. ಏನೂ ಕೇಳಲಿಲ್ಲ. ಮರುದಿನ ನಾನು ಕೆಲಸದಿಂದ ಬರುವಷ್ಟರಲ್ಲಿ ಬಾತ್‌ರೂಮಿನ ಬಾಗಿಲನ್ನು ಕೀಲಿನಿಂದ ಬಿಚ್ಚಿ ಗೋಡೆಗೆ ಒರಗಿಸಿದ್ದರು. ‘ಏನ್ರೀ ಇದು?’ ಅಂದೆ. ‘ಇರ್ಲಿ ಬಿಡು’ ಅಂದರು.

ಕಳೆದ ವಾರ ನಿಮ್ಮ ಮ್ಯಾನೇಜರ್ ಸಿಡ್ನಿಗೆ ಬಂದು ಮನೆಗೂ ಬಂದಿದ್ದರು. ಬಿಳಿ ಹೂವು ತಂದಿದ್ದರು. ಅಕ್ಟೋಬರಿನಲ್ಲಿ ಯಂತ್ರವನ್ನು ಮತ್ತೆ ಚಾಲೂ ಮಾಡುತ್ತಾರಂತೆ. ಅದಕ್ಕೆ ತೇಜಸ್ ಎಂದು ಹೆಸರಿಡುತ್ತಾರಂತೆ. ಫಲಕದ ಮೇಲೆ ಅವನ ಫೋಟೊ, ನಾವು ಬಂದು ಗುಂಡಿ ಒತ್ತಬೇಕು. ಒಪ್ಪಿಗೆ ಕೇಳಿದರು. ಚಹಾ ಕುಡಿದರು. ಮುಂಬಾಗಿಲು ತೆರೆದೇ ಇದ್ದದ್ದಕ್ಕೆ ಎರಡು ಸಲ ತಿರುಗಿ ನೋಡಿದರು.

ನನ್ನ ಮಗನನ್ನು ನುಂಗಿದ ಪೆಟ್ಟಿಗೆಗೆ ನನ್ನ ಮಗನದೇ ಹೆಸರು.

ನೀನು ಅದನ್ನು ಮಾಡಿದವಳು. ಎಲ್ಲಿ ಹೊಡೆದರೆ ಮುರಿಯುತ್ತದೆಂದು ನಿನಗೆ ಗೊತ್ತು. ಮುರಿದುಹಾಕು. ನನಗೆ ಬೇರೇನೂ ಬೇಡ, ಕ್ಷಮೆ ಕೇಳುವುದು ಬೇಡ, ಅಳುವುದು ಬೇಡ. ಮುರಿದೆ ಎಂದು ಒಂದು ಸಾಲು ಬರೆ.

ವಿಜಯಾ ಹಿರೇಮಠ


ಡಾಕ್‌ಲ್ಯಾಂಡ್ಸ್
21 ಆಗಸ್ಟ್ 2025

ಆಂಟಿ,

ಭಾನುವಾರ ಹೋಗಿದ್ದೆ. ಯಾರೂ ಇರಲಿಲ್ಲ. ಸುತ್ತಿಗೆ ತೆಗೆದುಕೊಂಡು ಯಂತ್ರದ ಎದುರು ನಿಂತೆ. ನೀವು ಬರೆದದ್ದು ನಿಜ, ಎಲ್ಲಿ ಹೊಡೆಯಬೇಕೆಂದು ನನಗೆ ಗೊತ್ತು. ಹರಳಿನ ತಟ್ಟೆಗಳ ಅಂಚು ತೆಳು ತಗಡು. ಅದನ್ನು ಜಜ್ಜಿದರೆ ಮತ್ತೆ ಜೋಡಿಸಲು ವರ್ಷ ಬೇಕು.

ಪ್ರತಿ ತಟ್ಟೆಯ ಮೇಲೂ ತೇಜಸ್ ಮಾರ್ಕರಿನಿಂದ ನಂಬರ್ ಬರೆದಿದ್ದಾನೆ. ಏಳಕ್ಕೆ ನಡುವೆ ಒಂದು ಅಡ್ಡಗೆರೆ ಎಳೆಯುತ್ತಾನಲ್ಲ, ಹಾಗೇ. ಆ ಏಳರ ಮುಂದೆ ನಿಂತೆ. ಆಗಲಿಲ್ಲ. ಸುತ್ತಿಗೆಯನ್ನು ಇದ್ದಲ್ಲಿ ಇಟ್ಟು ಬಂದೆ.

ನಿಮಗೆ ಸಿಟ್ಟು ಬರುತ್ತದೆಂದು ಗೊತ್ತು. ಆದರೂ ಹೇಳುತ್ತೇನೆ. ಐದಾರು ವರ್ಷದ ಹಿಂದಿನ ಆ ಹೊಗೆಯ ಬೇಸಿಗೆಯಲ್ಲಿ, ಸಿಡ್ನಿಯ ಸುತ್ತ ಕಾಡು ಉರಿಯುತ್ತಿದ್ದಾಗ, ನಿಮ್ಮ ಬಾಲ್ಕನಿಯಿಂದ ಎದುರಿನ ಕಟ್ಟಡವೂ ಕಾಣುತ್ತಿರಲಿಲ್ಲವಂತೆ. ನೀವು ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕುತ್ತಿದ್ದಿರಂತೆ. ಆಗ ಅವನು ಯೂನಿವರ್ಸಿಟಿಯಲ್ಲಿದ್ದ. ಟವೆಲ್ ಹಿಂಡುತ್ತ ಈ ಕೆಲಸಕ್ಕೆ ಬರಬೇಕೆಂದು ನಿಶ್ಚಯಿಸಿದೆ ಎಂದು ಒಮ್ಮೆ ಹೇಳಿದ. ಆಮೇಲೆ ನಾಚಿಕೊಂಡು, ‘ಇದನ್ನ ಯಾರಿಗೂ ಹೇಳಬ್ಯಾಡ್ರಿ, ಸಿನಿಮಾ ಡೈಲಾಗ್ ಇದ್ದಂಗ ಐತಿ’ ಅಂದ.

ಈ ಯಂತ್ರ ವರ್ಷವಿಡೀ ಓಡಿದರೂ ಹಿಡಿಯುವುದು ಒಂದು ಬೀದಿಯ ಕಾರುಗಳು ಬಿಟ್ಟದ್ದನ್ನು. ಅದು ಅವನಿಗೂ ಗೊತ್ತಿತ್ತು, ನನಗೂ ಗೊತ್ತು. ದೊಡ್ಡದು ಮಾಡುತ್ತೇವೆ, ಅಗ್ಗ ಮಾಡುತ್ತೇವೆ ಎಂದುಕೊಂಡಿದ್ದೆವು. ಒಂದು ಬೀದಿಯ ಕಾರುಗಳಿಗಾಗಿ ಅವನು ಹೋದ. ಈ ಲೆಕ್ಕ ತಲೆಯಿಂದ ಇಳಿಯುವುದಿಲ್ಲ.

ನಾನು ಈಗ ಲಿಫ್ಟ್ ಹತ್ತುವುದಿಲ್ಲ. ಹದಿನೇಳನೇ ಮಹಡಿಯ ನನ್ನ ಮನೆಗೆ ಮೆಟ್ಟಿಲೇ. ಟ್ರ್ಯಾಮಿನ ಬಾಗಿಲು ಮುಚ್ಚುವ ಸದ್ದಿಗೆ ಇಳಿದುಬಿಡುತ್ತೇನೆ. ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ. ನಿಮ್ಮ ಫಾರ್ಮಸಿಯಲ್ಲೂ ಇರುತ್ತದೆ, ಹೆಸರು ಬರೆದರೆ ನಿಮಗೆ ತಿಳಿಯುತ್ತದೆ, ಅದಕ್ಕೇ ಬರೆಯುತ್ತಿಲ್ಲ. ಅಮ್ಮ ಧಾರವಾಡದಿಂದ ಫೋನ್ ಮಾಡಿ ‘ಆರಾಮ ಇದ್ದೀಯೇನ?’ ಎಂದು ಕೇಳುತ್ತಾಳೆ. ಹೂಂ ಅನ್ನುತ್ತೇನೆ. ಹೂಂ ಅನ್ನದೆ ಮಾತಾಡಬಹುದಾದದ್ದು ನಿಮ್ಮೊಬ್ಬರ ಜೊತೆ. ಅದು ನಿಮಗೆ ಮಾಡುವ ಇನ್ನೊಂದು ಅನ್ಯಾಯ ಅಂತಲೂ ಗೊತ್ತು.

ಮುರಿಯಲಾಗಲಿಲ್ಲ.

ಮಹಾಶ್ವೇತಾ


ಡಾಕ್‌ಲ್ಯಾಂಡ್ಸ್
16 ಸೆಪ್ಟೆಂಬರ್ 2025

ಆಂಟಿ,

ನಿಮ್ಮಿಂದ ಉತ್ತರ ಬಂದಿಲ್ಲ. ಬರುವ ಕಾರಣವೂ ಇಲ್ಲ. ಆದರೆ ಇದನ್ನು ತಿಳಿಸದೆ ಇರಬಾರದು. ನಿನ್ನೆ ಅಂಕಲ್ ಮೆಲ್ಬರ್ನಿಗೆ ಬಂದಿದ್ದರು. ನಿಮಗೆ ಹೇಳಿ ಬಂದಿದ್ದರೋ ಇಲ್ಲವೋ ನಾನು ಕೇಳಲಿಲ್ಲ.

ಮಧ್ಯಾಹ್ನ ಗೇಟಿನಿಂದ ಕರೆ ಬಂತು. ಹೋಗಿ ನೋಡಿದರೆ ಬ್ಯಾಂಕಿಗೆ ಹೋಗುವ ಕೋಟಿನಲ್ಲೇ ನಿಂತಿದ್ದರು. ಕೈಯಲ್ಲಿ ಚೀಲವೂ ಇರಲಿಲ್ಲ.

‘ನೀ ಬರದದ್ದೆಲ್ಲಾ ಓದೇನಿ. ನನಗ ಅದನ್ನ ತೋರಸು’ ಎಂದರು.

‘ಅಂಕಲ್, ತನಿಖೆ ಮುಗಿಯೂತನಕ ಯಾರನ್ನೂ ಬಿಡಬಾರದು ಅಂತ ಐತ್ರಿ.’

‘ನಾ ಯಾರೋ ಅಲ್ಲಲ್ಲವಾ.’

ಕರೆದುಕೊಂಡು ಹೋದೆ. ಮಾರ್ಚಿನಿಂದ ಯಂತ್ರ ತಣ್ಣಗಿದೆ. ಆದರೂ ಮೊದಲು ನಾನೇ ಹೋಗಿ ಮೂಲೆ ಮೂಲೆಯಲ್ಲೂ ಮೀಟರ್ ಹಿಡಿದು ನೋಡಿದೆ, ಮೀಟರನ್ನು ಅವರ ಕೋಟಿಗೆ ಸಿಕ್ಕಿಸಿದೆ, ಬಾಗಿಲಿಗೆ ಕ್ರೇಟ್ ಕೊಟ್ಟೆ. ಅವರು ಒಳಗೆ ಹೋಗಿ ತಟ್ಟೆಗಳನ್ನು ಒಂದೊಂದಾಗಿ ಮುಟ್ಟಿದರು. ಯಾವ ತಟ್ಟೆ ಎಂದು ಕೇಳಿದರು. ತೋರಿಸಿದೆ. ಅಲ್ಲಿ ಕುಕ್ಕರುಗಾಲಿನಲ್ಲಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಎದ್ದು ಬಾಗಿಲ ಹತ್ತಿರ ಬಂದು ನಿಂತರು.

‘ಬಾಗಲಾ ಹಾಕು.’

‘ಅಂಕಲ್, ಆಗೂದಿಲ್ರಿ.’

‘ಒಂದ ಸಲ ಹಾಕವಾ.’

‘ನನ್ನ ಕೈಲೆ ಆಗೂದಿಲ್ರಿ ಅಂಕಲ್. ದಯವಿಟ್ಟು ಹೊರಗ ಬರ್ರಿ.’

ಅವರು ಕಾಲಿನಿಂದ ಕ್ರೇಟನ್ನು ಹೊರಗೆ ನೂಕಿದರು. ಬಾಗಿಲು ತಾನಾಗಿಯೇ ಬಂದು ಕೂತಿತು. ನಾನು ಅದನ್ನು ಮಾಡಿದ್ದೇ ಹಾಗಲ್ಲವೇ.

ತಕ್ಷಣ ಲಿವರ್ ಹಿಡಿದೆ. ಕೈ ಬೆವತು ಜಾರಿತು. ಒಳಗಿನಿಂದ ಸದ್ದು ಕೇಳಿಸಿತು. ಬಡಿಯುವ ಸದ್ದಲ್ಲ, ಅಂಗೈಯಿಂದ ಸವರುವ ಸದ್ದು. ಎರಡೂ ಕೈ ಹಾಕಿ ಎತ್ತಿದೆ. ಬಾಗಿಲು ತೆರೆದಾಗ ಅವರ ಎರಡೂ ಅಂಗೈ ಎದೆಮಟ್ಟಕ್ಕೆ ಎದ್ದಿದ್ದವು, ಬಾಗಿಲು ಇನ್ನೂ ಅಲ್ಲೇ ಇದೆಯೇನೋ ಎಂಬಂತೆ.

‘ಕತ್ತಲಿ ಆದ ಕೂಡ್ಲೆ ಕೈ ತಾನಾ ಹಿಡಿಕಿ ಹುಡುಕತೈತಿ’ ಎಂದರು. ‘ಇಲ್ಲೆ ಏನೂ ಇಲ್ಲ. ಬರೇ ಸಪಾಟ. ಒಳಗ ಹಿಡಿಕಿ ಯಾಕ ಇಟ್ಟಿಲ್ಲ?’

ನಾನು ಹೇಳಿದೆ. ಒಳಗೆ ಹಿಡಿಕೆ ಇಡಬೇಕಾದರೆ ಬಾಗಿಲಿಗೆ ತೂತು ಕೊರೆಯಬೇಕು, ತೂತಿದ್ದರೆ ಗಾಳಿ ನುಸುಳುತ್ತದೆ, ಯಂತ್ರ ಓಡುವಾಗ ಒಳಗೆ ಮನುಷ್ಯರು ಇರಲೇಬಾರದು ಎಂಬುದು ನಿಯಮ, ಅದಕ್ಕೇ. ಪರೀಕ್ಷೆಯಲ್ಲಿ ಉತ್ತರ ಒಪ್ಪಿಸಿದ ಹಾಗೆ ಹೇಳಿದೆ.

ಅವರು ಪೂರ್ತಿ ಕೇಳಿಸಿಕೊಂಡರು. ‘ಇದ್ದನಲ್ಲವಾ’ ಎಂದರು. ಅಷ್ಟೇ.

ಅವರನ್ನು ಏರ್‌ಪೋರ್ಟಿಗೆ ಬಿಟ್ಟು ಬಂದೆ. ಇಳಿಯುವಾಗ ‘ನೀ ಊಟಾ ಮಾಡೀಯಿಲ್ಲೋ?’ ಎಂದು ಕೇಳಿದರು. ಹೂಂ ಅಂದೆ. ಸುಳ್ಳು.

ಮಹಾಶ್ವೇತಾ


ಎಪ್ಪಿಂಗ್
2 ಅಕ್ಟೋಬರ್ 2025

ಮಹಾಶ್ವೇತಾ,

ಅವನ ಅಪ್ಪ ಅವತ್ತು, ಇಲ್ಲೇ ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ ಗೆಳೆಯರು ಹೊಸ ಮನೆ ಕಟ್ಟಿಸಿದ್ದಾರೆ, ನೋಡಿ ಬರುತ್ತೇನೆ, ರಾತ್ರಿಯಾಗಬಹುದು ಎಂದು ಹೇಳಿ ಹೋಗಿದ್ದರು. ನಿನ್ನ ಕಾಗದ ಬಂದ ಮೇಲೆ ನನಗೆ ಗೊತ್ತಾಯಿತು. ಜಗಳವಾಡಿದೆ. ಮಾರ್ಚಿನ ನಂತರ ನಮ್ಮಿಬ್ಬರ ನಡುವೆ ನಡೆದ ಮೊದಲ ಸರಿಯಾದ ಮಾತುಕತೆ ಆ ಜಗಳ. ‘ನೀವೂ ಅದರಾಗ ಹೋಗಿ ಸಾಯಬೇಕಂತ ಮಾಡಿದ್ರೇನು?’ ಎಂದು ಕಿರುಚಿದೆ. ಅವರು ‘ಹೂಂ, ಹೋಗೂತನಕ ಹಂಗ ಮಾಡಿದ್ದೆ’ ಎಂದರು. ಆಮೇಲೆ ಇಬ್ಬರೂ ಬಹಳ ಹೊತ್ತು ಅತ್ತೆವು. ಅಳುವುದು ಬೇಡ ಎಂದು ನಿನಗೆ ಬರೆದವಳು ನಾನೇ.

ಒಳಗೆ ಅವರನ್ನು ನೀನು ಒಬ್ಬರನ್ನೇ ಬಿಡಬಾರದಿತ್ತು. ಮೀಟರ್ ಸಿಕ್ಕಿಸಿದ್ದು ಒಳ್ಳೆಯದಾಯಿತು. ಎರಡೂ ಬರೆದಿದ್ದೇನೆ, ಯಾವುದು ಹೆಚ್ಚೋ ನನಗೇ ತಿಳಿಯುತ್ತಿಲ್ಲ.

ನಿಮ್ಮ ಮ್ಯಾನೇಜರಿಗೆ ಈ ಹೊತ್ತು ಉತ್ತರ ಕಳಿಸಿದೆ. ಅವನ ಹೆಸರು ಬೇಡ, ಫೋಟೊ ಬೇಡ, ನಾವು ಬರುವುದಿಲ್ಲ, ಬಾಗಿಲಿಗೆ ಒಳಗಿನಿಂದ ತೆಗೆಯುವ ಹಿಡಿಕೆ ಹಾಕಿಸಿ ಎಂದು ಬರೆದೆ. ಹಾಕುತ್ತಾರೆ ಎಂಬ ನಂಬಿಕೆ ಇಲ್ಲ.

ಮುರಿ ಎಂದು ನಿನಗೆ ಹೇಳಿದ್ದೆ. ನಿನ್ನ ಕೈಯಲ್ಲಿ ಆಗಲಿಲ್ಲ. ಇದಾದರೂ ಆಗುತ್ತದೆಯೇ?

ಊಟ ಮಾಡು. ಆ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು. ಹೆಸರು ಬರೆಯದಿದ್ದರೂ ನನಗೆ ಗೊತ್ತು.

ವಿಜಯಾ


ಡಾಕ್‌ಲ್ಯಾಂಡ್ಸ್
30 ನವೆಂಬರ್ 2025

ಆಂಟಿ,

ನಾನು ಎರಡು ತಿಂಗಳು ಬರೆಯಲಿಲ್ಲ. ಆದದ್ದನ್ನು ಆದ ಕ್ರಮದಲ್ಲೇ ಹೇಳುತ್ತೇನೆ.

ಹಿಡಿಕೆಯ ಡ್ರಾಯಿಂಗ್ ಮಾಡಿ ಮ್ಯಾನೇಜರಿಗೆ ಕೊಟ್ಟೆ. ಬೇಡ ಅಂದರು. ಬಾಗಿಲಿಗೆ ಬೀಗ ಹಾಕಿ ಕೀಲಿ ಒಬ್ಬರ ಹತ್ತಿರ ಇಟ್ಟರೆ ಸಾಕು, ಅಷ್ಟಕ್ಕೂ ಒಳಗೆ ಯಾರೂ ಇರುವಂತಿಲ್ಲವಲ್ಲ ಎಂದರು. ‘ಇದ್ದ’ ಎಂದೆ. ಹಿಡಿಕೆ ಇಲ್ಲದ ಬಾಗಿಲಿನ ಸುರಕ್ಷತಾ ಪತ್ರಕ್ಕೆ ನನ್ನ ಸಹಿ ಹಾಕುವುದಿಲ್ಲ ಎಂದೆ. ಬೇರೆಯವರು ಹಾಕಿದರು. ಉದ್ಘಾಟನೆಯ ದಿನ ನಿಗದಿಯಾಯಿತು.

ಆಗ ನಾನು ತನಿಖೆಯವರ ಹತ್ತಿರ ಹೋದೆ, ವಕೀಲರನ್ನು ಕೇಳದೆ. ಬಾಗಿಲು ನನ್ನದು, ಅದು ತಾನೇ ಮುಚ್ಚುವಂತೆ ಮಾಡಿದವಳು ನಾನು, ಒಳಗೆ ಹಿಡಿಕೆ ಇಡದವಳು ನಾನು, ಈಗಲೂ ಅದು ಹಾಗೇ ಇದೆ ಎಂದು ಹೇಳಿ ಬರೆದುಕೊಟ್ಟೆ. ಒಳಗಿನಿಂದ ತೆರೆಯಲಾಗದ ಬಾಗಿಲಿರುವವರೆಗೆ ಯಂತ್ರ ಓಡಿಸಬಾರದು ಎಂದು ಅವರು ಆದೇಶ ಕೊಟ್ಟರು. ಉದ್ಘಾಟನೆ ನಿಂತಿತು. ಹಿಡಿಕೆ ಹಾಕಿದೆವು.

ಯಂತ್ರ ಓಡಿಸಿದೆವು. ನಾನು ಹೆದರಿದ್ದ ಹಾಗೇ ಆಯಿತು. ಹಿಡಿಕೆಯ ದಂಡದ ಸುತ್ತ ಗಾಳಿ ನುಸುಳಿತು. ಮೊದಲು ಬರುತ್ತಿದ್ದಷ್ಟು ಶುದ್ಧವಾದ ಅನಿಲ ಬರಲಿಲ್ಲ. ಒಂದಷ್ಟು ತಿಂಗಳು ಕೊಟ್ಟಿದ್ದರೆ ಸರಿಮಾಡಬಹುದಿತ್ತು. ನಿಜವಾಗಿಯೂ ಮಾಡಬಹುದಿತ್ತು, ಎರಡು ಉಪಾಯ ನನ್ನ ತಲೆಯಲ್ಲಿದ್ದವು. ಹಣ ಹೂಡುವವರು ಫಲಿತಾಂಶ ನೋಡಿ ಎದ್ದು ಹೋದರು. ಮೊನ್ನೆ ಶುಕ್ರವಾರ ಎಲ್ಲರನ್ನೂ ಕರೆದು ಕಂಪನಿ ಮುಚ್ಚುತ್ತಿದೆ ಎಂದರು. ಯಂತ್ರ ಗುಜರಿಗೆ ಹೋಗುತ್ತದೆ. ಅವನು ನಂಬರ್ ಬರೆದ ತಟ್ಟೆಗಳೂ. ಒಂದನ್ನಾದರೂ ಕೊಡಿ ಎಂದು ಕೇಳಿದೆ, ಕಂಪನಿಯ ಸ್ವತ್ತು, ಆಗುವುದಿಲ್ಲ ಎಂದರು.

ನೀವು ಹೇಳಿದ್ದು ಕೊನೆಗೆ ಆಯಿತು ಆಂಟಿ. ಸುತ್ತಿಗೆ ಬೇಕಾಗಲಿಲ್ಲ. ಅವನು ಯಾವುದಕ್ಕಾಗಿ ಇಷ್ಟು ವರ್ಷ ಬೆವರು ಸುರಿಸಿದನೋ ಅದೂ ಈಗ ಇಲ್ಲ, ಅದಕ್ಕೂ ನಾನೇ ಕಾರಣ. ಸಹೋದ್ಯೋಗಿಗಳು ನನ್ನ ಜೊತೆ ಮಾತಾಡುವುದಿಲ್ಲ. ಅವರಿಗೂ ಮನೆ ಇದೆ, ಮಾರ್ಟ್‌ಗೇಜ್ ಇದೆ. ನನ್ನ ಹೇಳಿಕೆಯ ಮೇಲೆ ನನ್ನ ವಿರುದ್ಧವೂ ಕ್ರಮವಾಗಬಹುದು ಎಂದು ತನಿಖೆಯವರು ತಿಳಿಸಿದ್ದಾರೆ. ಆಗಲಿ. ಬೆಳಗ್ಗೆ ಏಳಲು ಕಾರಣವೇ ಇಲ್ಲದ ದಿನಗಳಿವು. ಹಾಗಂತ ಹೆದರಬೇಡಿ, ಏಳುತ್ತಿದ್ದೇನೆ.

ಒಂದನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದೆ. ಯಂತ್ರ ಓಡಿಸುವ ಮೊದಲು ಹಿಡಿಕೆಯ ಪರೀಕ್ಷೆ ಇತ್ತು. ಯಾರಾದರೂ ಒಳಗೆ ನಿಂತು, ಬಾಗಿಲು ಮುಚ್ಚಿದ ಮೇಲೆ ತಾವೇ ತೆರೆದುಕೊಂಡು ಬರಬೇಕು. ನಾನು ಹೋಗುತ್ತೇನೆ ಎಂದೆ. ಎದೆಗೆ ಮೀಟರ್, ಬೆನ್ನಿಗೆ ಗಾಳಿಯ ಸಿಲಿಂಡರ್, ಹೊರಗೆ ಇಬ್ಬರು ಕಾವಲು. ಬಾಗಿಲು ಮುಚ್ಚಿತು. ಕತ್ತಲಾಯಿತು. ಹಿಡಿಕೆ ಸಿಕ್ಕಿತು. ಒತ್ತಿದೆ, ತೆರೆಯಿತು, ಹೊರಗೆ ಬಂದೆ. ಮೂರು ಸಲ ಮಾಡಬೇಕೆಂದು ನಿಯಮ. ಮೂರು ಸಲ ಮಾಡಿದೆ. ಮೂರೂ ಸಲ ತೆರೆಯಿತು.

ಅಂಕಲ್‌ಗೆ ಇದನ್ನು ಹೇಳಿ.

ಮಹಾಶ್ವೇತಾ


ಎಪ್ಪಿಂಗ್
12 ಡಿಸೆಂಬರ್ 2025

ಮಹಾಶ್ವೇತಾ,

ಕಾಗದವನ್ನು ಅವರಿಗೆ ಓದಿ ಹೇಳಿದೆ. ತೆರೆಯಿತು ಎಂಬಲ್ಲಿ ‘ಇನ್ನೊಮ್ಮೆ ಓದು’ ಎಂದರು. ಓದಿದೆ.

ಮುರಿ ಎಂದಿದ್ದೆ, ಮುರಿಯಿತು. ಆ ದಿನ ನೆಮ್ಮದಿಯಾಗಿ ನಿದ್ದೆ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅವನು ಮಾಡಿದ್ದು ಇನ್ನು ಎಲ್ಲಿಯೂ ಇಲ್ಲ ಎಂದು ಓದಿದಾಗ ಎದೆಯಲ್ಲಿ ಏನೋ ಎರಡನೇ ಸಲ ಕಿತ್ತುಬಂತು. ನಾನು ಏನು ಕೇಳುತ್ತಿದ್ದೇನೆಂದು ಆಗ ನನಗೆ ಗೊತ್ತಿರಲಿಲ್ಲ.

ನಿನ್ನನ್ನು ಕ್ಷಮಿಸಿದ್ದೇನೆ ಎಂಬ ಮಾತನ್ನು ಈ ಕಾಗದದಲ್ಲಿ ಹುಡುಕಬೇಡ. ಬರೆದಿಲ್ಲ. ಕೆಲವು ದಿನ ಎದ್ದ ಕೂಡಲೇ ನಿನ್ನ ಮೇಲೆ ಸಿಟ್ಟು ಬರುತ್ತದೆ, ಮಧ್ಯಾಹ್ನ ಫಾರ್ಮಸಿಯಲ್ಲಿ ಯಾರಿಗೋ ಮಾತ್ರೆ ಕೊಡುವಾಗ ನೀನು ತಿಂದೆಯೋ ಇಲ್ಲವೋ ಎಂದು ಯೋಚನೆಯಾಗುತ್ತದೆ. ನೀನು ಅವನಿಗೆ ಏನಾಗಿದ್ದೆ ಎಂದು ನಾನು ಒಮ್ಮೆಯೂ ಕೇಳಿಲ್ಲ. ಈಗಲೂ ಕೇಳುವುದಿಲ್ಲ.

ಬೇರೆ ಒಂದು ಕೇಳಬೇಕು. ಒಳಗೆ ಹೋದೆ, ಬಾಗಿಲು ಮುಚ್ಚಿತು, ಕತ್ತಲಾಯಿತು, ಹಿಡಿಕೆ ಸಿಕ್ಕಿತು ಎಂದು ಬರೆದಿದ್ದೀ. ಕತ್ತಲಾದದ್ದಕ್ಕೂ ಹಿಡಿಕೆ ಸಿಕ್ಕಿದ್ದಕ್ಕೂ ನಡುವೆ ಏನಿತ್ತು, ಅದನ್ನು ಬರೆದಿಲ್ಲ. ಅವನ ಅಪ್ಪನನ್ನು ಕೇಳಿದೆ, ಎದ್ದು ಬಾಲ್ಕನಿಗೆ ಹೋದರು. ತೇಜಸ್‌ನನ್ನು ಕೇಳುವ ಹಾಗಿಲ್ಲ. ಉಳಿದವಳು ನೀನು.

ನಿನಗೆ ಹೆದರಿಕೆಯಾಯಿತೇ? ಆಗ ಯಾರನ್ನು ಕರೆದೆ?

ಕಾಗದದಲ್ಲಿ ಬರೆಯಬೇಡ. ಇಲ್ಲಿಗೆ ಬಾ.

ವಿಜಯಾ